ರೊಟೇಟರ್ ಕಫ್ ದುರಸ್ತಿ ಶಸ್ತ್ರಚಿಕಿತ್ಸೆ

ರೊಟೇಟರ್ ಕಫ್ ದುರಸ್ತಿ ಶಸ್ತ್ರಚಿಕಿತ್ಸೆ ಎಂದರೆ ಭುಜದ ಕೀಲನ್ನು ಸುತ್ತುವರಿದಿರುವ ಸ್ನಾಯುರಜ್ಜುಗಳು ಹರಿದಾಗ ಅವುಗಳನ್ನು ತೋಳಿನ ಎಲುಬಿಗೆ ಮರಳಿ ಹೊಲಿದು ಜೋಡಿಸುವ ಮೂಳೆ ಚಿಕಿತ್ಸೆಯ ಒಂದು ವಿಧಾನ. ಸ್ನಾಯುರಜ್ಜು ಎಂಬುದು ಸ್ನಾಯುವಿನ ತುದಿಯನ್ನು ಎಲುಬಿಗೆ ಕಟ್ಟುವ ಗಟ್ಟಿಯಾದ ನಾರಿನ ಪಟ್ಟಿ. ಇದು ಹರಿದರೆ ಸ್ನಾಯು ಸಂಕುಚಿಸಿದರೂ ಎಲುಬು ಅದರೊಡನೆ ಚಲಿಸುವುದಿಲ್ಲ; ತೋಳನ್ನು ಮೇಲೆತ್ತಲು ಕಷ್ಟವಾಗುತ್ತದೆ, ರಾತ್ರಿ ಮಲಗಿದಾಗ ನೋವು ಕಾಡುತ್ತದೆ. ನಲವತ್ತು ದಾಟಿದವರಲ್ಲಿ, ಅದರಲ್ಲೂ ತಲೆಗಿಂತ ಮೇಲಕ್ಕೆ ಕೈಯೆತ್ತಿ ದುಡಿಯುವವರಲ್ಲಿ, ಈ ತೊಂದರೆ ಹೆಚ್ಚು. ಇಂದು ಈ ಶಸ್ತ್ರಚಿಕಿತ್ಸೆಯನ್ನು ಹೆಚ್ಚಾಗಿ ಆರ್ತ್ರೋಸ್ಕೋಪಿ ಎಂಬ ಸಣ್ಣ ರಂಧ್ರದ ವಿಧಾನದಲ್ಲಿ ನಡೆಸಲಾಗುತ್ತದೆ. ಶಸ್ತ್ರಚಿಕಿತ್ಸೆಗೆ ತಗಲುವ ಸಮಯ ಒಂದೆರಡು ಗಂಟೆಯಾದರೆ, ಚೇತರಿಕೆಗೆ ತಗಲುವ ಸಮಯ ಆರು ತಿಂಗಳಿಂದ ಒಂದು ವರ್ಷ. ಈ ಅಂತರವೇ ರೋಗಿಯ ನಿರ್ಧಾರವನ್ನು ಕಠಿಣಗೊಳಿಸುವ ಅಂಶ.

ಅಂಗರಚನೆ

ಭುಜದ ಕೀಲು ಗುಂಡು ಮತ್ತು ಬಟ್ಟಲಿನ ಮಾದರಿಯ ಕೀಲು. ಆದರೆ ಸೊಂಟದ ಕೀಲಿನಂತೆ ಇಲ್ಲಿ ಗುಂಡು ಬಟ್ಟಲಿನೊಳಗೆ ಆಳವಾಗಿ ಕುಳಿತಿಲ್ಲ. ತೋಳಿನ ಎಲುಬಿನ ದೊಡ್ಡ ತಲೆ, ಹೆಗಲೆಲುಬಿನ ಆಳವಿಲ್ಲದ ಸಣ್ಣ ಬಟ್ಟಲಿಗೆ ಆತುಕೊಂಡಿರುತ್ತದೆ ಅಷ್ಟೆ. ತೋಳು ಎಲ್ಲ ದಿಕ್ಕಿಗೂ ತಿರುಗುವ ಸ್ವಾತಂತ್ರ್ಯ ದೊರೆತಿರುವುದು ಇದರಿಂದಲೇ. ಕೀಲು ಸುಲಭವಾಗಿ ಸ್ಥಾನ ತಪ್ಪುವುದಕ್ಕೂ ಇದೇ ಕಾರಣ. ಗುಂಡನ್ನು ಬಟ್ಟಲಿನ ನಡುವೆಯೇ ಹಿಡಿದಿಡುವ ಕೆಲಸವನ್ನು ನಾಲ್ಕು ಸ್ನಾಯುಗಳ ಗುಂಪು ನಿರ್ವಹಿಸುತ್ತದೆ. ಮೇಲ್ಭಾಗದಲ್ಲಿ ಸುಪ್ರಾಸ್ಪೈನೇಟಸ್, ಹಿಂಭಾಗದಲ್ಲಿ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೀಸ್ ಮೈನರ್, ಮುಂಭಾಗದಲ್ಲಿ ಸಬ್‌ಸ್ಕ್ಯಾಪುಲ್ಯಾರಿಸ್. ಈ ನಾಲ್ಕೂ ಹೆಗಲೆಲುಬಿನಿಂದ ಹೊರಟು, ಅವುಗಳ ರಜ್ಜುಗಳು ಒಂದರೊಡನೊಂದು ಬೆಸೆದು, ಅಂಗಿಯ ತೋಳಿನ ಪಟ್ಟಿಯಂತೆ ಎಲುಬಿನ ತಲೆಯನ್ನು ಸುತ್ತಿಕೊಳ್ಳುತ್ತವೆ. ರೊಟೇಟರ್ ಕಫ್ ಎಂಬ ಹೆಸರು ಬಂದದ್ದು ಹೀಗೆ.

ತೋಳನ್ನು ಎತ್ತುವ ಮುಖ್ಯ ಬಲ ಹೊರಗಿನ ದೊಡ್ಡ ಡೆಲ್ಟಾಯ್ಡ್ ಸ್ನಾಯುವಿನದು. ಆದರೆ ಡೆಲ್ಟಾಯ್ಡ್ ಒಂಟಿಯಾಗಿ ಎಳೆದರೆ ಎಲುಬಿನ ತಲೆ ನೇರ ಮೇಲಕ್ಕೆ ಜಾರಿ, ಹೆಗಲ ಮೇಲಿನ ಎಲುಬಿನ ಚಾವಣಿಯಾದ ಅಕ್ರೋಮಿಯಾನಿಗೆ ತಾಗುತ್ತದೆ. ಕಫ್‌ನ ಸ್ನಾಯುಗಳು ಗುಂಡನ್ನು ಕೆಳಕ್ಕೂ ಒಳಕ್ಕೂ ಒತ್ತಿ ಹಿಡಿದಿರುವುದರಿಂದಲೇ ಡೆಲ್ಟಾಯ್ಡ್‌ನ ಎಳೆತ ತೋಳನ್ನು ಎತ್ತುವ ಚಲನೆಯಾಗಿ ಪರಿಣಮಿಸುತ್ತದೆ. ಏಣಿಯನ್ನು ಎತ್ತಿ ನಿಲ್ಲಿಸುವಾಗ ಒಬ್ಬ ಬುಡವನ್ನು ಮೆಟ್ಟಿ ಹಿಡಿಯದಿದ್ದರೆ ಏಣಿ ಮೇಲೇಳುವ ಬದಲು ಜಾರುವುದಲ್ಲವೇ, ಕಫ್‌ನ ಕೆಲಸ ಆ ಬುಡ ಮೆಟ್ಟುವವನದು.

ನಾಲ್ಕರಲ್ಲಿ ಅತಿ ಹೆಚ್ಚು ಹರಿಯುವುದು ಸುಪ್ರಾಸ್ಪೈನೇಟಸ್ ರಜ್ಜು. ಅದು ಅಕ್ರೋಮಿಯಾನ್ ಮತ್ತು ಎಲುಬಿನ ತಲೆಯ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ಎಲುಬಿಗೆ ಅಂಟುವ ಜಾಗದ ಸಮೀಪದಲ್ಲಿ ಅದರ ರಕ್ತಪೂರೈಕೆಯೂ ಕಡಿಮೆ.

ರಜ್ಜು ಹರಿಯುವ ಬಗೆ

ಎರಡು ಬಗೆಯ ಸೀಳುಗಳನ್ನು ಗುರುತಿಸುವುದು ಚಿಕಿತ್ಸೆಯ ದೃಷ್ಟಿಯಿಂದ ಅಗತ್ಯ. ಮೊದಲನೆಯದು ಆಘಾತದಿಂದ ಆಗುವುದು: ಜಾರಿ ಬಿದ್ದಾಗ ಕೈಯೂರಿದ್ದು, ಬೀಳುತ್ತಿದ್ದವನು ಒಂದೇ ಕೈಯಲ್ಲಿ ಕೊಂಬೆ ಹಿಡಿದು ತೂಗಿದ್ದು, ವಾಹನ ಅಪಘಾತ. ಎರಡನೆಯದು ಸವೆತದಿಂದ ಆಗುವುದು. ವಯಸ್ಸಾದಂತೆ ರಜ್ಜುವಿನ ನಾರುಗಳು ಬಲಹೀನವಾಗಿ, ವರ್ಷಗಟ್ಟಲೆ ಎಳೆ ಎಳೆಯಾಗಿ ಹರಿದು, ಕೊನೆಗೊಂದು ದಿನ ಕೊಡಪಾನ ಎತ್ತಿದಾಗಲೋ ಕಪಾಟಿನ ಮೇಲಿನ ಡಬ್ಬ ತೆಗೆದಾಗಲೋ ಪೂರ್ತಿ ಬಿಟ್ಟುಹೋಗುತ್ತದೆ. ರೋಗಿ ಆ ಕೊನೆಯ ದಿನವನ್ನೇ ಕಾರಣವೆಂದು ಹೇಳುವುದು ಸಹಜ.

ಸವೆತದ ಸೀಳುಗಳೆಲ್ಲ ನೋವು ಕೊಡುವುದಿಲ್ಲ ಎಂಬುದು ಈ ವಿಷಯದ ಅತ್ಯಂತ ವಿಚಿತ್ರ ಅಂಶ. ಅಮೆರಿಕದ ಕೆನ್ ಯಾಮಗುಚಿ ಮತ್ತು ಸಂಗಡಿಗರು 2006ರಲ್ಲಿ, ಒಂದು ಭುಜದಲ್ಲಿ ನೋವಿದ್ದ 588 ಮಂದಿಯ ಎರಡೂ ಭುಜಗಳನ್ನು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಯಾವ ಸೀಳೂ ಇಲ್ಲದವರ ಸರಾಸರಿ ವಯಸ್ಸು ಸುಮಾರು 49, ಒಂದೇ ಕಡೆ ಸೀಳಿದ್ದವರದು 59, ಎರಡೂ ಕಡೆ ಸೀಳಿದ್ದವರದು 68. ಅಂದರೆ ನೋವಿಲ್ಲದ ಭುಜದಲ್ಲಿಯೂ ಸೀಳುಗಳು ಕಂಡುಬಂದವು. ಹೀಗಾಗಿ ಎಂಆರ್‌ಐ ವರದಿಯಲ್ಲಿ ಸೀಳು ಎಂದು ಬರೆದಿರುವುದಷ್ಟೇ ಶಸ್ತ್ರಚಿಕಿತ್ಸೆಗೆ ಕಾರಣವಾಗದು.

ಸಕ್ಕರೆ ಕಾಯಿಲೆ, ಧೂಮಪಾನ, ಅಧಿಕ ಕೊಲೆಸ್ಟರಾಲ್ ಇವು ರಜ್ಜುವನ್ನು ದುರ್ಬಲಗೊಳಿಸುವ ಅಂಶಗಳಲ್ಲಿ ಸೇರಿವೆ. ಭುಜಕ್ಕೆ ಪದೇ ಪದೇ ಸ್ಟಿರಾಯ್ಡ್ ಚುಚ್ಚುಮದ್ದು ಪಡೆಯುವುದೂ ಒಳಿತಲ್ಲ.

ಅಡಿಕೆ ತೋಟದ ನಾಡಿನಲ್ಲಿ

ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಐವರ್ನಾಡು, ಸುಳ್ಯದಿಂದ ಬೆಳ್ಳಾರೆಗೆ ಹೋಗುವ ದಾರಿಯಲ್ಲಿರುವ ಗ್ರಾಮ. ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ಇತರ ಗ್ರಾಮಗಳಂತೆ ಇಲ್ಲಿಯೂ ಅಡಿಕೆ, ತೆಂಗು, ರಬ್ಬರ್, ಕಾಳುಮೆಣಸು ಮುಖ್ಯ ಬೆಳೆಗಳು. ಈ ಬೆಳೆಗಳ ದುಡಿಮೆಯ ಬಹುಪಾಲು ತಲೆಗಿಂತ ಮೇಲೆ ನಡೆಯುವಂಥದ್ದು. ಆದ್ದರಿಂದ ಭುಜದ ರಜ್ಜುವಿನ ವಿಚಾರವನ್ನು ಇಲ್ಲಿನ ಕೆಲಸಗಳ ಮೂಲಕ ವಿವರಿಸುವುದು ಸುಲಭ.

ಅಡಿಕೆಗೆ ತಗಲುವ ಕೊಳೆರೋಗವನ್ನು ತಡೆಯಲು ಮಳೆಗಾಲದ ಆರಂಭದಲ್ಲಿ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಇದರ ಪ್ರಮಾಣ. ಕಾಲಿಗೆ ತಳೆ ಹಾಕಿ ಮರವೇರಿದವನು ಒಂದು ತೋಳಿನಲ್ಲಿ ಮರವನ್ನು ಅಪ್ಪಿ, ಇನ್ನೊಂದು ಕೈಯಲ್ಲಿ ಸಿಂಪಡಣೆಯ ಕೋಲು ಹಿಡಿದು ಗೊನೆಯತ್ತ ಚಾಚುತ್ತಾನೆ. ಒಂದು ಮರದಿಂದ ಪಕ್ಕದ ಮರಕ್ಕೆ ಹಾಯುವಾಗ ದೇಹದ ಭಾರವೆಲ್ಲ ಕ್ಷಣಕಾಲ ಭುಜದ ಮೇಲೆ ಬೀಳುತ್ತದೆ. ಇಂತಹ ಸ್ಥಿತಿಯಲ್ಲಿ ಕಾಲು ಜಾರಿದರೆ ಕೈ ತಾನಾಗಿ ಮರವನ್ನು ಹಿಡಿಯುತ್ತದೆ. ಬೀಳುವುದು ತಪ್ಪಿದರೂ ಚಾಚಿದ ತೋಳಿನ ಮೇಲೆ ಬಿದ್ದ ಹಠಾತ್ ಎಳೆತದಿಂದ ರಜ್ಜು ಕಿತ್ತುಬರಬಹುದು. ಬಿದ್ದವನನ್ನು ಎಲ್ಲರೂ ಆಸ್ಪತ್ರೆಗೆ ಒಯ್ಯುತ್ತಾರೆ. ಬೀಳದೆ ಉಳಿದವನು ಎಣ್ಣೆ ತಿಕ್ಕಿಸಿಕೊಂಡು ಮರುದಿನ ಕೆಲಸಕ್ಕೆ ಹೋಗುತ್ತಾನೆ. ಆಘಾತದ ಸೀಳು ತಡವಾಗಿ ಪತ್ತೆಯಾಗುವುದು ಹೆಚ್ಚಾಗಿ ಈ ಎರಡನೆಯ ಗುಂಪಿನಲ್ಲಿ.

ಮರವೇರುವವರ ಕೊರತೆಯಿಂದ ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಳಕೆಗೆ ಬಂದಿದೆ. ನೆಲದ ಮೇಲೆ ನಿಂತು ಗೊನೆ ಕೊಯ್ಯಲು, ಮದ್ದು ಬಿಡಲು ಇದರಿಂದ ಸಾಧ್ಯ. ಮರದಿಂದ ಬೀಳುವ ಅಪಾಯ ಇದರಿಂದ ತಪ್ಪಿದೆ ಎಂಬುದು ದೊಡ್ಡ ಲಾಭ. ಆದರೆ ಹತ್ತಾರು ಅಡಿ ಉದ್ದದ ಕೋಲನ್ನು ಕತ್ತೆತ್ತಿ, ಕೈಯೆತ್ತಿ ಗಂಟೆಗಟ್ಟಲೆ ಹಿಡಿಯುವಾಗ ಕಫ್‌ನ ಸ್ನಾಯುಗಳಿಗೆ ಬೇರೊಂದು ಬಗೆಯ ಒತ್ತಡವಿದೆ: ಇಲ್ಲಿ ಹಠಾತ್ ಎಳೆತವಿಲ್ಲ, ನಿರಂತರ ದಣಿವಿದೆ. ನಡುನಡುವೆ ಕೈ ಬದಲಿಸುವುದು, ಕೋಲಿನ ಭಾರವನ್ನು ಆದಷ್ಟು ಮೈಗೆ ಹತ್ತಿರ ಇರಿಸಿಕೊಳ್ಳುವುದು ಭುಜಕ್ಕೆ ಹಿತ. ಹಳೆಯ ರಬ್ಬರ್ ಮರಗಳಲ್ಲಿ ಎತ್ತರದ ತೊಗಟೆಯನ್ನು ಕೆತ್ತುವ ಟ್ಯಾಪಿಂಗ್, ತೆಂಗಿನಕಾಯಿ ಕೀಳುವುದು, ಸೊಪ್ಪು ಕಡಿಯುವುದು, ಬಾವಿಯಿಂದ ನೀರು ಸೇದುವುದು ಇವೂ ಅದೇ ಜಾತಿಯ ಕೆಲಸಗಳು.

ಲಕ್ಷಣಗಳು ಮತ್ತು ರೋಗಪತ್ತೆ

ನೋವು ಸಾಮಾನ್ಯವಾಗಿ ಭುಜದ ಹೊರಬದಿಯಲ್ಲಿ, ತೋಳಿನ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಆ ಮಗ್ಗುಲಿಗೆ ಮಲಗಲಾಗದು. ತೋಳನ್ನು ಪಕ್ಕದಿಂದ ಎತ್ತುವಾಗ ನಡುವಿನ ಒಂದು ಹಂತದಲ್ಲಿ ಹೆಚ್ಚು ನೋವಾಗುತ್ತದೆ. ದೊಡ್ಡ ಸೀಳಿದ್ದರೆ ತೋಳು ಮೇಲೇಳುವುದೇ ಇಲ್ಲ, ಅಥವಾ ಇನ್ನೊಬ್ಬರು ಎತ್ತಿ ಬಿಟ್ಟರೆ ಹಾಗೆಯೇ ಬಿದ್ದುಹೋಗುತ್ತದೆ. ಫ್ರೋಜನ್ ಶೋಲ್ಡರ್ ಎಂಬ ಬೇರೆ ಕಾಯಿಲೆಯೊಡನೆ ಇದನ್ನು ಗೊಂದಲ ಮಾಡಿಕೊಳ್ಳುವುದುಂಟು. ವ್ಯತ್ಯಾಸ ಸರಳ: ಫ್ರೋಜನ್ ಶೋಲ್ಡರ್‌ನಲ್ಲಿ ವೈದ್ಯರು ಹಿಡಿದು ಎತ್ತಿದರೂ ತೋಳು ಬಿಗಿದುಕೊಂಡೇ ಇರುತ್ತದೆ, ರಜ್ಜು ಹರಿದಿದ್ದರೆ ರೋಗಿ ತಾನಾಗಿ ಎತ್ತಲಾರ, ಆದರೆ ಇನ್ನೊಬ್ಬರು ಎತ್ತಿದರೆ ತೋಳು ಏಳುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಎರಡೂ ಒಟ್ಟಿಗೆ ಇರಬಹುದು.

ಎಕ್ಸ್‌ರೇಯಲ್ಲಿ ರಜ್ಜು ಕಾಣುವುದಿಲ್ಲ. ಆದರೆ ಎಲುಬಿನ ತಲೆ ಮೇಲಕ್ಕೆ ಸರಿದಿರುವುದು ಕಂಡರೆ ಸೀಳು ಹಳೆಯದು, ದೊಡ್ಡದು ಎಂದು ಊಹಿಸಬಹುದು. ಅನುಭವಿ ಕೈಯಲ್ಲಿ ಅಲ್ಟ್ರಾಸೌಂಡ್ ಅಗ್ಗದ, ನಂಬಬಹುದಾದ ಪರೀಕ್ಷೆ. ಶಸ್ತ್ರಚಿಕಿತ್ಸೆಯ ಯೋಚನೆಯಿದ್ದರೆ ಎಂಆರ್‌ಐ ಬೇಕಾಗುತ್ತದೆ, ಏಕೆಂದರೆ ಅದು ಸೀಳಿನ ಗಾತ್ರದ ಜೊತೆಗೆ ಸ್ನಾಯುವಿನ ಸ್ಥಿತಿಯನ್ನೂ ತೋರಿಸುತ್ತದೆ. ಗಾತ್ರವನ್ನು 1 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸಣ್ಣದು, 1ರಿಂದ 3 ಮಧ್ಯಮ, 3ರಿಂದ 5 ದೊಡ್ಡದು, 5ಕ್ಕಿಂತ ಹೆಚ್ಚಾದರೆ ಬೃಹತ್ ಎಂದು ವಿಂಗಡಿಸುತ್ತಾರೆ.

ಗಾತ್ರಕ್ಕಿಂತಲೂ ಮುಖ್ಯವಾದದ್ದು ಸ್ನಾಯುವಿನಲ್ಲಿ ಕೊಬ್ಬು ಸೇರಿಕೊಂಡಿರುವ ಪ್ರಮಾಣ. ಎಲುಬಿನಿಂದ ಬಿಟ್ಟುಹೋದ ಸ್ನಾಯು ಕೆಲಸವಿಲ್ಲದೆ ಸೊರಗುತ್ತದೆ. ನಾರುಗಳ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಫ್ರಾನ್ಸಿನ ಡೇನಿಯಲ್ ಗುಟಾಲಿಯೇ 1994ರಲ್ಲಿ ಇದನ್ನು 0ಯಿಂದ 4ರವರೆಗಿನ ಶ್ರೇಣಿಗಳಲ್ಲಿ ವರ್ಗೀಕರಿಸಿದರು. ಸ್ನಾಯುವಿಗಿಂತ ಕೊಬ್ಬೇ ಹೆಚ್ಚಾದ ಮೇಲೆ ರಜ್ಜುವನ್ನು ಹೊಲಿದರೂ ಬಲ ಮರಳುವುದಿಲ್ಲ, ಕೊಬ್ಬು ಕರಗಿ ಸ್ನಾಯು ಮತ್ತೆ ಬೆಳೆಯುವುದೂ ಇಲ್ಲ. ಆಘಾತದಿಂದಾದ ಪೂರ್ಣ ಸೀಳನ್ನು ತಿಂಗಳುಗಟ್ಟಲೆ ಮುಂದೂಡಬಾರದು ಎಂಬ ಸಲಹೆಯ ಹಿಂದಿರುವ ಕಾರಣ ಇದು.

ಶಸ್ತ್ರಚಿಕಿತ್ಸೆ ಯಾರಿಗೆ

ಇದು ವೈದ್ಯರಲ್ಲೇ ಭಿನ್ನಾಭಿಪ್ರಾಯವಿರುವ ಪ್ರಶ್ನೆ. ಒಂದು ವಿಷಯದಲ್ಲಿ ಮಾತ್ರ ಹೆಚ್ಚಿನವರ ಸಹಮತವಿದೆ: ಮೊದಲು ಚೆನ್ನಾಗಿದ್ದ ಭುಜ ಬಿದ್ದ ಪೆಟ್ಟಿನಿಂದ ಹರಿದು, ತೋಳಿನ ಬಲ ಹಠಾತ್ತನೆ ಹೋಗಿದ್ದರೆ, ಅದರಲ್ಲೂ ದುಡಿಯುವ ವಯಸ್ಸಿನವರಲ್ಲಿ, ಬೇಗನೆ ಹೊಲಿಯುವುದು ಒಳ್ಳೆಯದು.

ಸವೆತದ ಸೀಳಿನ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾಗದು. ಅಮೆರಿಕದ ಮೂನ್ ಭುಜ ತಂಡ 452 ರೋಗಿಗಳಿಗೆ ಮೊದಲು ಫಿಸಿಯೋಥೆರಪಿ ನೀಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಇವರೆಲ್ಲರ ರಜ್ಜುವೂ ಪೂರ್ತಿ ದಪ್ಪಕ್ಕೆ ಹರಿದಿತ್ತು. ಆದರೂ ಎರಡು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆ ಆರಿಸಿಕೊಂಡವರು ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ. ಆರಿಸಿಕೊಂಡವರಲ್ಲಿ ಹೆಚ್ಚಿನವರು ಮೊದಲ ಹನ್ನೆರಡು ವಾರಗಳಲ್ಲೇ ನಿರ್ಧರಿಸಿದ್ದರು. ಫಿನ್ಲೆಂಡಿನ ಅಧ್ಯಯನವೊಂದರಲ್ಲಿ 55 ದಾಟಿದವರ ಆಘಾತರಹಿತ ಸುಪ್ರಾಸ್ಪೈನೇಟಸ್ ಸೀಳುಗಳನ್ನು ಮೂರು ಗುಂಪುಗಳಾಗಿಸಿ ಹೋಲಿಸಲಾಯಿತು. ಬರಿಯ ಫಿಸಿಯೋಥೆರಪಿ ಪಡೆದವರಿಗೂ ಹೊಲಿಸಿಕೊಂಡವರಿಗೂ ಎರಡು ವರ್ಷಗಳ ಬಳಿಕ ಮಹತ್ವದ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಎದುರಾಗಿ ನಾರ್ವೆಯ ಸ್ಟೆಫನ್ ಮೂಸ್‌ಮೇಯರ್ ಮತ್ತು ಸಂಗಡಿಗರು 103 ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿ 2019ರಲ್ಲಿ ನೀಡಿದ ವರದಿಯಲ್ಲಿ, ಹೊಲಿಸಿಕೊಂಡವರ ಸ್ಥಿತಿ ಉತ್ತಮವಾಗಿತ್ತು ಮಾತ್ರವಲ್ಲ, ಎರಡು ಗುಂಪುಗಳ ಅಂತರ ಕಾಲಕ್ರಮದಲ್ಲಿ ಹೆಚ್ಚುತ್ತ ಹೋಗಿತ್ತು.

ಈ ಅಧ್ಯಯನಗಳು ಮೇಲ್ನೋಟಕ್ಕೆ ವಿರುದ್ಧವೆನಿಸಿದರೂ ಅವುಗಳ ಕಾಲಮಾನ ಬೇರೆ. ನೋವಿನ ಶಮನಕ್ಕೆ ಮೊದಲ ಒಂದೆರಡು ವರ್ಷ ವ್ಯಾಯಾಮ ಸಾಕಾಗಬಹುದು. ಆದರೆ ಹೊಲಿಯದ ಸೀಳು ಕೆಲವರಲ್ಲಿ ನಿಧಾನವಾಗಿ ದೊಡ್ಡದಾಗುತ್ತದೆ. ಎಪ್ಪತ್ತರ ಹರೆಯದ, ಮನೆಗೆಲಸವಷ್ಟೇ ಇರುವ ವ್ಯಕ್ತಿಗೂ ಇನ್ನು ಹದಿನೈದು ವರ್ಷ ತೋಟದಲ್ಲಿ ದುಡಿಯಬೇಕಾದ ನಲವತ್ತೈದರ ವ್ಯಕ್ತಿಗೂ ಒಂದೇ ಉತ್ತರ ಸಲ್ಲದು. ಎರಡನೆಯವನಿಗೆ ಶಸ್ತ್ರಚಿಕಿತ್ಸೆ ಹೆಚ್ಚು ಅಗತ್ಯ, ಆದರೆ ಆರು ತಿಂಗಳ ಕೂಲಿ ಕಳೆದುಕೊಳ್ಳುವ ಶಕ್ತಿ ಅವನಿಗೇ ಕಡಿಮೆ. ಯಾವ ಅಧ್ಯಯನದ ಕೋಷ್ಟಕದಲ್ಲಿಯೂ ಈ ಲೆಕ್ಕ ಇಲ್ಲ.

ಇತಿಹಾಸ

ಭುಜದ ರಜ್ಜುಗಳು ಹರಿಯುವುದನ್ನು ಲಂಡನ್ನಿನ ಜೆ. ಜಿ. ಸ್ಮಿತ್ 1834ರಲ್ಲಿ ಶವಪರೀಕ್ಷೆಗಳ ಆಧಾರದಿಂದ ವರ್ಣಿಸಿದ್ದರು. ಇದನ್ನು ಶಸ್ತ್ರಚಿಕಿತ್ಸೆಯ ವಿಷಯವಾಗಿ ಬೆಳೆಸಿದ ಕೀರ್ತಿ ಬೋಸ್ಟನ್ನಿನ ಅರ್ನೆಸ್ಟ್ ಆಮೊರಿ ಕಾಡ್ಮನ್ ಅವರದು. ಸುಪ್ರಾಸ್ಪೈನೇಟಸ್ ರಜ್ಜುವನ್ನು ಹೊಲಿದ ತಮ್ಮ ಅನುಭವವನ್ನು ಅವರು 1911ರಲ್ಲಿ ಪ್ರಕಟಿಸಿದರು; 1934ರಲ್ಲಿ ಭುಜದ ಬಗ್ಗೆ ಅವರ ಬೃಹತ್ ಗ್ರಂಥ ಹೊರಬಂದಿತು. ಪ್ರತಿಯೊಬ್ಬ ರೋಗಿಯೂ ಶಸ್ತ್ರಚಿಕಿತ್ಸೆಯ ಬಳಿಕ ಏನಾದನೆಂದು ಆಸ್ಪತ್ರೆ ಹಿಂಬಾಲಿಸಿ ದಾಖಲಿಸಬೇಕು ಎಂದು ವಾದಿಸಿದವರೂ ಇವರೇ. ಸಹೋದ್ಯೋಗಿಗಳಿಗೆ ಆ ವಾದ ರುಚಿಸಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಇಂದಿಗೂ ಮಾಡಿಸುವ ಲೋಲಕ ವ್ಯಾಯಾಮಕ್ಕೆ ಕಾಡ್ಮನ್ ಅವರ ಹೆಸರೇ ಇದೆ.

1972ರಲ್ಲಿ ಅಮೆರಿಕದ ಚಾರ್ಲ್ಸ್ ನೀರ್, ಅಕ್ರೋಮಿಯಾನಿನ ಮುಂಚಾಚು ರಜ್ಜುವನ್ನು ಉಜ್ಜುವುದರಿಂದ ಸೀಳು ಉಂಟಾಗುತ್ತದೆ ಎಂದು ಪ್ರತಿಪಾದಿಸಿ, ಆ ಚಾಚನ್ನು ಕೆತ್ತಿ ತೆಗೆಯುವ ವಿಧಾನವನ್ನು ಬಳಕೆಗೆ ತಂದರು. ದಶಕಗಳ ಕಾಲ ಇದು ಲಕ್ಷಾಂತರ ಮಂದಿಗೆ ನಡೆಯಿತು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಿಸಾ ಪರೀಕ್ಷೆಯು, ರಜ್ಜು ಪೂರ್ತಿ ಹರಿಯದ ಭುಜನೋವಿನಲ್ಲಿ ಎಲುಬು ಕೆತ್ತುವುದಕ್ಕೂ ಒಳಗೆ ಕೇವಲ ನೋಡಿ ಬರುವುದಕ್ಕೂ ಗಣನೀಯ ವ್ಯತ್ಯಾಸವಿಲ್ಲವೆಂದು ತೋರಿಸಿದ ಬಳಿಕ ಅದರ ಬಳಕೆ ಪ್ರಶ್ನಾರ್ಹವಾಗಿದೆ.

ಕೀಲಿನೊಳಗೆ ಕೊಳವೆಯಿಳಿಸಿ ನೋಡುವ ಆರ್ತ್ರೋಸ್ಕೋಪಿಯ ಬೇರು ಜಪಾನಿನಲ್ಲಿದೆ. ಟೋಕಿಯೋದ ಕೆಂಜಿ ಟಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಉಪಕರಣವನ್ನು ಮೃತದೇಹದ ಮೊಣಕಾಲಿನೊಳಗೆ ಇಳಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವಾಟನಬೆ ಉಪಕರಣವನ್ನು ಬಳಕೆಗೆ ಯೋಗ್ಯವಾಗಿಸಿದರು. ಭುಜದ ರಜ್ಜುವನ್ನು ಪೂರ್ತಿಯಾಗಿ ಇದೇ ವಿಧಾನದಲ್ಲಿ ಹೊಲಿಯುವುದು ರೂಢಿಗೆ ಬಂದದ್ದು 1990ರ ದಶಕದಿಂದ.

ವಿಧಾನ

ರೋಗಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ನೀಡುತ್ತಾರೆ. ಜೊತೆಗೆ ಕುತ್ತಿಗೆಯ ಬದಿಯಲ್ಲಿ ತೋಳಿನ ನರಗಳಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಇದರಿಂದ ಶಸ್ತ್ರಚಿಕಿತ್ಸೆಯ ನಂತರ ಹಲವು ಗಂಟೆ ನೋವು ತಿಳಿಯುವುದಿಲ್ಲ, ಕೈಯೂ ಅಲುಗುವುದಿಲ್ಲ. ಮರಗಟ್ಟುವಿಕೆ ಇಳಿಯುವ ರಾತ್ರಿಯ ನೋವು ತೀವ್ರವಾಗಿರುವುದರಿಂದ ನೋವಿನ ಮಾತ್ರೆಯನ್ನು ಅದಕ್ಕೆ ಮುಂಚೆಯೇ ಆರಂಭಿಸುವುದು ಒಳ್ಳೆಯದು.

ರೋಗಿಯನ್ನು ಆರಾಮಕುರ್ಚಿಯಲ್ಲಿ ಒರಗಿದಂತೆ ಅಥವಾ ಮಗ್ಗುಲಾಗಿ ಮಲಗಿಸಿ, ಒಂದು ಸೆಂಟಿಮೀಟರಿನೊಳಗಿನ ಮೂರು ನಾಲ್ಕು ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಸಾಧನಗಳನ್ನು ಒಳಸೇರಿಸುತ್ತಾರೆ. ಉಪ್ಪುನೀರಿನ ದ್ರವ ಹರಿಸಿ ಜಾಗವನ್ನು ಹಿಗ್ಗಿಸಲಾಗುತ್ತದೆ. ಮೊದಲು ಹರಿದ ಅಂಚನ್ನು ಸ್ವಚ್ಛಗೊಳಿಸಿ, ಸುತ್ತ ಅಂಟಿಕೊಂಡ ಎಳೆಗಳನ್ನು ಬಿಡಿಸಿ, ರಜ್ಜು ಹೆಚ್ಚು ಎಳೆತವಿಲ್ಲದೆ ತನ್ನ ಮೂಲಸ್ಥಾನ ಮುಟ್ಟುತ್ತದೆಯೇ ಎಂದು ನೋಡುತ್ತಾರೆ. ಅದು ಅಂಟಬೇಕಾದ ಎಲುಬಿನ ಮೇಲ್ಮೈಯನ್ನು ರಕ್ತ ಜಿನುಗುವಷ್ಟು ಕೆರೆಯುತ್ತಾರೆ. ಬಳಿಕ ಆಂಕರ್ ಎಂಬ ಸಣ್ಣ ಮೊಳೆಗಳನ್ನು ಎಲುಬಿನೊಳಗೆ ಕೂರಿಸುತ್ತಾರೆ. ಆಂಕರ್ ಲೋಹದ್ದಾಗಿರಬಹುದು, ಪ್ಲಾಸ್ಟಿಕ್ ಜಾತಿಯ ವಸ್ತುವಿನದ್ದಾಗಿರಬಹುದು, ದೇಹದಲ್ಲಿ ಕರಗುವಂಥದ್ದಾಗಿರಬಹುದು. ಅದರ ಹಿಂಬದಿಗೆ ಬಲವಾದ ದಾರಗಳಿರುತ್ತವೆ. ಆ ದಾರಗಳನ್ನು ರಜ್ಜುವಿನ ಮೂಲಕ ಹಾಯಿಸಿ ಗಂಟು ಹಾಕಿದಾಗ ರಜ್ಜು ಎಲುಬಿಗೆ ಒತ್ತಿ ಕೂರುತ್ತದೆ. ಒಂದೇ ಸಾಲಿನ ಆಂಕರ್ ಸಾಕೋ, ಎರಡು ಸಾಲು ಬೇಕೋ ಎಂಬುದು ಸೀಳಿನ ಗಾತ್ರವನ್ನು ಅವಲಂಬಿಸಿದೆ. ದೊಡ್ಡ ಸೀಳುಗಳಲ್ಲಿ ಎರಡು ಸಾಲಿನ ಹೊಲಿಗೆ ಹೆಚ್ಚು ವಿಸ್ತಾರದಲ್ಲಿ ರಜ್ಜುವನ್ನು ಒತ್ತಿಹಿಡಿಯುತ್ತದೆ, ಖರ್ಚೂ ಹೆಚ್ಚು.

ಭುಜವನ್ನು ಕೊಯ್ದು ತೆರೆದು ಹೊಲಿಯುವ ಹಳೆಯ ವಿಧಾನ ಕೀಳೆಂದು ಭಾವಿಸಬೇಕಾಗಿಲ್ಲ. ಎರಡನ್ನೂ ಹೋಲಿಸಿದ ಬ್ರಿಟನ್ನಿನ ದೊಡ್ಡ ಪರೀಕ್ಷೆಯಲ್ಲಿ ಎರಡು ವರ್ಷಗಳ ನಂತರ ರೋಗಿಗಳ ಸ್ಥಿತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೊರಗಿನ ಗಾಯದ ಉದ್ದಕ್ಕೂ ಒಳಗಿನ ರಜ್ಜು ಕೂಡಿಕೊಳ್ಳುವ ವೇಗಕ್ಕೂ ಸಂಬಂಧವಿಲ್ಲ.

ಚೇತರಿಕೆ

ಹೊಲಿದ ದಾರ ರಜ್ಜುವನ್ನು ಎಲುಬಿನ ಬಳಿ ಹಿಡಿದಿಡುತ್ತದೆಯೇ ಹೊರತು ಅದನ್ನು ಬೆಸೆಯುವುದಿಲ್ಲ. ಬೆಸುಗೆ ದೇಹದ ಕೆಲಸ. ಮೊದಲ ವಾರ ಉರಿಯೂತದ ಹಂತ. ಮುಂದಿನ ಕೆಲವು ವಾರಗಳಲ್ಲಿ ಹೊಸ ಅಂಗಾಂಶ ಮೃದುವಾಗಿ, ಬಲವಿಲ್ಲದೆ ಬೆಳೆಯುತ್ತದೆ. ಅದು ಗಟ್ಟಿಯಾಗಿ ರೂಪುಗೊಳ್ಳಲು ಹಲವು ತಿಂಗಳು ಬೇಕು. ಕೊನೆಗೂ ಮೊದಲಿನ ಸಹಜ ಜೋಡಣೆ ಮರಳುವುದಿಲ್ಲ, ಗಾಯದ ಕಲೆಯಂಥ ಅಂಗಾಂಶವೇ ಅಲ್ಲಿರುತ್ತದೆ. ಇಡೀ ಚೇತರಿಕೆಯ ವೇಳಾಪಟ್ಟಿ ಈ ಜೈವಿಕ ಗತಿಗೆ ಹೊಂದಿಕೊಂಡಿದೆ. ನೋವು ಕಡಿಮೆಯಾಗುವುದು ಆರೇಳು ವಾರಕ್ಕೆ, ಬೆಸುಗೆ ಬಲಗೊಳ್ಳುವುದು ಬಹಳ ನಂತರ. ಈ ನಡುವಿನ ಅವಧಿಯೇ ಅಪಾಯದ್ದು. ಭುಜ ಹಿತವೆನಿಸತೊಡಗಿದಾಗ ರೋಗಿ ಮರೆತು ಭಾರ ಎತ್ತುತ್ತಾನೆ.

ಮೊದಲ ನಾಲ್ಕರಿಂದ ಆರು ವಾರ ತೋಳನ್ನು ಜೋಲಿಯಲ್ಲಿ, ಹಲವು ವೇಳೆ ಪಕ್ಕೆಗೆ ಸಣ್ಣ ದಿಂಬು ಸಹಿತ, ಇರಿಸಬೇಕು. ಮಲಗುವಾಗಲೂ ಇದನ್ನು ತೆಗೆಯುವಂತಿಲ್ಲ. ಚಪ್ಪಟೆಯಾಗಿ ಮಲಗಿದರೆ ನೋವು ಹೆಚ್ಚುವುದರಿಂದ ಬೆನ್ನಿಗೆ ದಿಂಬುಗಳನ್ನಿಟ್ಟು ಅರ್ಧ ಒರಗಿ, ಅಥವಾ ಈಸಿಚೇರಿನಲ್ಲಿ ನಿದ್ರಿಸುವವರೇ ಹೆಚ್ಚು. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ಆಡಿಸಬೇಕು, ಇಲ್ಲವಾದರೆ ಕೈ ಊದಿಕೊಳ್ಳುತ್ತದೆ. ಬಲಭುಜದ ಚಿಕಿತ್ಸೆಯಾದವರಿಗೆ ಊಟದ ಪ್ರಶ್ನೆ ಬರುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಬಟ್ಟಲನ್ನು ಎದೆಯ ಸಮೀಪಕ್ಕೆ ತಂದುಕೊಂಡರೆ, ಭುಜ ಎತ್ತದೆಯೇ ಉಣ್ಣಲು ಸಾಧ್ಯವೆಂದು ಹೆಚ್ಚಿನ ವೈದ್ಯರು ಅನುಮತಿಸುತ್ತಾರೆ. ಎಲೆಯ ಮುಂದೆ ನೆಲದಲ್ಲಿ ಕುಳಿತು ಬಾಗಿ ಉಣ್ಣುವುದು ಮಾತ್ರ ಸಲ್ಲದು, ಏಳುವಾಗ ಕೈಯೂರುವ ಅಭ್ಯಾಸ ಹೊಲಿಗೆಗೆ ಅಪಾಯ. ಅಂಗಿ ಮುಂದೆ ಗುಂಡಿಯಿರುವಂಥದ್ದಾಗಿರಬೇಕು. ಚಿಕಿತ್ಸೆಯಾದ ತೋಳನ್ನು ಮೊದಲು ತೊಡಿಸಿ, ಕಳಚುವಾಗ ಕೊನೆಗೆ ಕಳಚಬೇಕು.

ಈ ಅವಧಿಯ ಲೋಲಕ ವ್ಯಾಯಾಮದಲ್ಲಿ ರೋಗಿ ಮೇಜಿಗೆ ಇನ್ನೊಂದು ಕೈ ಊರಿ ಮುಂದಕ್ಕೆ ಬಾಗಿ, ತೋಳನ್ನು ಸಡಿಲವಾಗಿ ಇಳಿಬಿಟ್ಟು, ಮೈಯ ತೂಗಾಟದಿಂದ ಅದು ತಾನಾಗಿ ಸುತ್ತುವಂತೆ ಮಾಡುತ್ತಾನೆ. ತೋಳು ತಾನಾಗಿ ಚಲಿಸಬೇಕು, ಅದನ್ನು ಸ್ನಾಯುಬಲದಿಂದ ಚಲಿಸಬಾರದು. ಅಂದರೆ ಮಾಡುವುದಕ್ಕಿಂತ ಮಾಡದಿರುವುದನ್ನು ಕಲಿಯುವುದು ಇಲ್ಲಿ ಕಷ್ಟ. ದೊಡ್ಡ ಸೀಳಾಗಿದ್ದರೆ ಇದನ್ನೂ ಕೆಲವು ವಾರ ಮುಂದೂಡುತ್ತಾರೆ.

ಸುಮಾರು ಆರನೆಯ ವಾರದಿಂದ ಜೋಲಿ ತೆಗೆದು, ಇನ್ನೊಂದು ಕೈಯ ಅಥವಾ ಕೋಲಿನ ಸಹಾಯದಿಂದ ತೋಳೆತ್ತುವ ಅಭ್ಯಾಸ ಆರಂಭವಾಗುತ್ತದೆ. ರಾಟೆಗೆ ಹಗ್ಗ ಹಾಕಿ ಒಳ್ಳೆಯ ಕೈಯಿಂದ ಎಳೆದು ಚಿಕಿತ್ಸೆಯಾದ ಕೈಯನ್ನು ಮೇಲೇರಿಸುವುದೂ ಉಂಟು. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಮೇಲೇರಿಸುವ ವ್ಯಾಯಾಮಕ್ಕೆ ಯಾವ ಉಪಕರಣವೂ ಬೇಡ. ದ್ವಿಚಕ್ರ ವಾಹನ ಓಡಿಸುವುದು, ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಲ್ಲುವುದು ಈ ಹಂತದಲ್ಲಿ ಬೇಡ. ಘಾಟಿಯ ತಿರುವುಗಳಲ್ಲಿ ಬಸ್ಸು ಓಲಾಡಿದಾಗ ಇಡೀ ಮೈಭಾರ ಆ ತೋಳಿಗೆ ಬೀಳುತ್ತದೆ.

ಬಲವರ್ಧನೆಯ ವ್ಯಾಯಾಮಗಳನ್ನು ಸಾಮಾನ್ಯವಾಗಿ ಹನ್ನೆರಡು ವಾರಗಳ ನಂತರ, ಮೊದಲಿಗೆ ರಬ್ಬರ್ ಪಟ್ಟಿಯಿಂದ, ಆರಂಭಿಸುತ್ತಾರೆ. ಹೆರೆಮಣೆಯಲ್ಲಿ ತೆಂಗಿನಕಾಯಿ ಹೆರೆಯುವುದು, ಹಾಲು ಕರೆಯುವುದು, ಗುಡಿಸುವುದು ಮೊದಲಾದ ಸೊಂಟದ ಮಟ್ಟದ ಕೆಲಸಗಳು ಮೂರು ನಾಲ್ಕು ತಿಂಗಳಲ್ಲಿ ಕ್ರಮೇಣ ಸಾಧ್ಯವಾಗುತ್ತವೆ. ಬಾವಿಯಿಂದ ನೀರು ಸೇದಲು, ಹೊರೆ ಹೊರಲು, ದೋಟಿ ಹಿಡಿಯಲು ಆರು ತಿಂಗಳಾದರೂ ಕಾಯಬೇಕು. ಮರವೇರುವ ಕೆಲಸಕ್ಕೆ ಮರಳುವ ಬಗ್ಗೆ ಶಸ್ತ್ರವೈದ್ಯರೊಡನೆ ಪ್ರತ್ಯೇಕವಾಗಿ ಮಾತಾಡಬೇಕು. ದೊಡ್ಡ ಸೀಳಿದ್ದವರಿಗೆ ಆ ಕೆಲಸ ಬಿಡುವಂತೆ ಹೇಳಬೇಕಾಗಿ ಬರಬಹುದು, ಮತ್ತು ಅದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೇಳುವುದು ನ್ಯಾಯ. ಚಿಕಿತ್ಸೆಯ ದಿನವನ್ನು ಆಯ್ದುಕೊಳ್ಳುವ ಅವಕಾಶವಿದ್ದರೆ ತೋಟದ ಕೆಲಸದ ಪಂಚಾಂಗವನ್ನೂ ಪರಿಗಣಿಸಬಹುದು. ಆದರೆ ಆಘಾತದ ಸೀಳಿಗೆ ಕೊಯ್ಲು ಮುಗಿಯಲಿ ಎಂದು ಕಾಯುವುದು ಸರಿಯಲ್ಲ.

ತೊಡಕುಗಳು ಮತ್ತು ಮತ್ತೆ ಹರಿಯುವಿಕೆ

ಸೋಂಕು, ನರಕ್ಕೆ ಪೆಟ್ಟು, ಆಂಕರ್ ಕಿತ್ತುಬರುವುದು ಅಪರೂಪ. ಸಾಮಾನ್ಯವಾಗಿ ಕಾಡುವುದು ಬಿಗಿತ. ಹೆಚ್ಚಿನವರಲ್ಲಿ ಅದು ವರ್ಷದೊಳಗೆ ವ್ಯಾಯಾಮದಿಂದಲೇ ಸಡಿಲುತ್ತದೆ. ಜ್ವರ, ಗಾಯದಿಂದ ಕೀವು, ಕೈಯ ಊತ ಹೆಚ್ಚುತ್ತ ಹೋಗುವುದು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಹೊಲಿದ ರಜ್ಜು ಮತ್ತೆ ಹರಿಯುವುದು ಈ ಶಸ್ತ್ರಚಿಕಿತ್ಸೆಯ ದೊಡ್ಡ ಮಿತಿ. ಸಣ್ಣ ಸೀಳುಗಳಲ್ಲಿ ಇದು ಕಡಿಮೆ, ಬೃಹತ್ ಸೀಳುಗಳಲ್ಲಿ ಬಹಳ ಹೆಚ್ಚು. ಲೀಸಾ ಗಲಾಟ್ಜ್ ಮತ್ತು ಸಂಗಡಿಗರ 2004ರ ವರದಿಯಲ್ಲಿ, ಆರ್ತ್ರೋಸ್ಕೋಪಿಯಿಂದ ಹೊಲಿದ 18 ದೊಡ್ಡ ಮತ್ತು ಬೃಹತ್ ಸೀಳುಗಳ ಪೈಕಿ 17 ಮತ್ತೆ ಹರಿದಿದ್ದವು. ಆದರೆ ಅದೇ ರೋಗಿಗಳಲ್ಲಿ ಹೆಚ್ಚಿನವರಿಗೆ ಒಂದು ವರ್ಷದ ಹೊತ್ತಿಗೆ ನೋವು ಕಡಿಮೆಯಾಗಿತ್ತು, ತೋಳಿನ ಚಲನೆಯೂ ಸುಧಾರಿಸಿತ್ತು. ರಜ್ಜು ಕೂಡಿಕೊಳ್ಳುವುದು ಮತ್ತು ರೋಗಿಗೆ ಹಿತವಾಗುವುದು ಎರಡೂ ಒಂದೇ ಅಲ್ಲವೆಂದು ಇದರಿಂದ ತಿಳಿಯುತ್ತದೆ. ಬಲ ಮರಳಬೇಕಾದರೆ ಮಾತ್ರ ರಜ್ಜು ಕೂಡಿಕೊಳ್ಳಲೇಬೇಕು. ಧೂಮಪಾನ ಬಿಡುವುದು, ರಕ್ತದ ಸಕ್ಕರೆಯನ್ನು ಹತೋಟಿಗೆ ತರುವುದು, ಈ ಎರಡು ರೋಗಿಯ ಕೈಯಲ್ಲಿವೆ. ವಯಸ್ಸು ಮತ್ತು ಸ್ನಾಯುವಿನಲ್ಲಿ ಸೇರಿದ ಕೊಬ್ಬು ಅವನ ಕೈಯಲ್ಲಿಲ್ಲ.

ಹೊಲಿಯಲಾಗದಷ್ಟು ಹಿಂದೆ ಸರಿದ ರಜ್ಜುಗಳಿಗೆ ಭಾಗಶಃ ಹೊಲಿಗೆ, ಬೆನ್ನಿನ ಸ್ನಾಯುವನ್ನು ಭುಜಕ್ಕೆ ತಿರುಗಿಸಿ ಕೂರಿಸುವುದು ಮೊದಲಾದ ಬೇರೆ ದಾರಿಗಳಿವೆ. ವಯಸ್ಸಾದವರಲ್ಲಿ ಕೀಲೂ ಸವೆದಿದ್ದರೆ, ಫ್ರಾನ್ಸಿನ ಪಾಲ್ ಗ್ರಾಮೋಂ 1985ರಲ್ಲಿ ರೂಪಿಸಿದ ಹಿಮ್ಮುಖ ಭುಜಕೀಲು ಜೋಡಣೆಯನ್ನು ಮಾಡುತ್ತಾರೆ. ಇದರಲ್ಲಿ ಗುಂಡನ್ನು ಹೆಗಲೆಲುಬಿಗೂ ಬಟ್ಟಲನ್ನು ತೋಳಿಗೂ ಕೂರಿಸುವುದರಿಂದ ಕಫ್ ಇಲ್ಲದೆಯೇ ಡೆಲ್ಟಾಯ್ಡ್ ತೋಳನ್ನು ಎತ್ತಬಲ್ಲದು.

ಕ್ರೀಡಾಪಟುಗಳಲ್ಲಿ

ವೇಗದ ಬೌಲರುಗಳು, ಜಾವೆಲಿನ್ ಎಸೆಯುವವರು, ಈಜುಗಾರರಲ್ಲಿ ಕಫ್‌ಗೆ ಬೀಳುವ ಒತ್ತಡ ಹೆಚ್ಚು. ಕರ್ನಾಟಕದವರಿಗೆ ಪರಿಚಿತವಾದ ಉದಾಹರಣೆ ಮೈಸೂರಿನ ಜಾವಗಲ್ ಶ್ರೀನಾಥ್. 1997ರಲ್ಲಿ ರೊಟೇಟರ್ ಕಫ್ ಗಾಯದಿಂದ ಅವರು ವೆಸ್ಟ್ ಇಂಡೀಸ್ ಪ್ರವಾಸದ ಪಂದ್ಯಗಳನ್ನು ತಪ್ಪಿಸಿಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದರು. ಅದೇ ವರ್ಷದ ಕೊನೆಯ ಭಾಗದಲ್ಲಿ ತಂಡಕ್ಕೆ ಮರಳಿ 2003ರ ವಿಶ್ವಕಪ್ ಫೈನಲ್‌ವರೆಗೂ ಆಡಿದರು. ಟೆಸ್ಟ್‌ನಲ್ಲಿ ಅವರ ಒಟ್ಟು ವಿಕೆಟ್‌ಗಳು 236. ಯುವ ಕ್ರೀಡಾಪಟುವಿನ ರಜ್ಜುವಿಗೂ ಅರವತ್ತರ ಕೃಷಿಕನ ಸವೆದ ರಜ್ಜುವಿಗೂ ಹೋಲಿಕೆ ಕಡಿಮೆ ಎಂಬುದನ್ನು ಗಮನದಲ್ಲಿಡಬೇಕು.

ಸೌಲಭ್ಯ ಮತ್ತು ವೆಚ್ಚ

ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಹೆಸರಿನ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲದೆ ಹಲವು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಶಸ್ತ್ರಚಿಕಿತ್ಸೆ ಎಲ್ಲಿಯೇ ನಡೆದರೂ ಫಿಸಿಯೋಥೆರಪಿ ಮನೆಗೆ ಸಮೀಪದಲ್ಲಿ ದೊರೆಯುವುದು ಹೆಚ್ಚು ಮುಖ್ಯ, ಏಕೆಂದರೆ ಶಸ್ತ್ರಚಿಕಿತ್ಸೆಗೆ ಒಮ್ಮೆ ಹೋದರೆ ಸಾಕು, ಫಿಸಿಯೋಥೆರಪಿಗೆ ತಿಂಗಳುಗಟ್ಟಲೆ ಹೋಗಬೇಕು.

ಖರ್ಚಿನ ದೊಡ್ಡ ಪಾಲು ಆಂಕರ್‌ಗಳದು. ಎಷ್ಟು ಆಂಕರ್ ಬೇಕಾದೀತು, ಒಂದರ ಬೆಲೆ ಎಷ್ಟು ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ದರದ ಶೇ. 30 ದೊರೆಯುತ್ತದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022ರಲ್ಲಿ ಮರುಜಾರಿಗೆ ಬಂದ ಯಶಸ್ವಿನಿ ಯೋಜನೆ ಕೃಷಿ ಪತ್ತಿನ ಸಹಕಾರಿ ಸಂಘಗಳು ಬಲವಾಗಿರುವ ಈ ಭಾಗದವರಿಗೆ ಇನ್ನೊಂದು ದಾರಿ. ಎರಡರಲ್ಲಿಯೂ ನೋಂದಾಯಿತ ಆಸ್ಪತ್ರೆ ಮತ್ತು ಪೂರ್ವಾನುಮತಿ ಬೇಕು. ಆಂಕರ್‌ಗಳ ಬೆಲೆ ಅನುಮತಿಸಿದ ಮೊತ್ತದಲ್ಲಿ ಪೂರ್ತಿ ಸೇರಿದೆಯೇ ಎಂದು ದಾಖಲಾಗುವ ಮೊದಲು ಆಸ್ಪತ್ರೆಯ ಯೋಜನಾ ಸಹಾಯಕರಲ್ಲಿ ವಿಚಾರಿಸಬೇಕು. ದುಡಿಮೆಯಿಲ್ಲದ ಆರು ತಿಂಗಳ ಆದಾಯ ಈ ಯಾವ ಯೋಜನೆಯಿಂದಲೂ ಸಿಗುವುದಿಲ್ಲ.